ಮಗ್ಗದ ಗುಂಡಿಗೆ ಸುರಿದ ಮರಳು

ನಾವು ಚಿಕ್ಕವರಿದ್ದಾಗ ಕೊಳ್ಳೇಗಾಲದ ನಮ್ಮ ಬೀದಿಗೆ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿನಿಂದ. ಪಕ್ಕದ ಮನೆಯಲ್ಲಿ ಲಾಳಿ ಓಡಿದರೆ ನಮ್ಮ ಅಡುಗೆಮನೆಯ ಗೂಡಿನ ಲೋಟಗಳು ಅಲುಗುತ್ತಿದ್ದವು. ರೇಷ್ಮೆ ಬೇಯಿಸಿದ ಸೋಪುನೀರಿನ ವಾಸನೆ ನನ್ನ ಯೂನಿಫಾರಮ್ಮಿಗೂ ಹತ್ತಿಕೊಂಡು, ಕಾನ್ವೆಂಟಿನಲ್ಲಿ ಪಕ್ಕ ಕೂರುತ್ತಿದ್ದವಳು ಮೂಗು ಹಿಡಿದುಕೊಳ್ಳುತ್ತಿದ್ದಳು. ಅಂಥ ಬೀದಿಯಲ್ಲಿ ಬೆಳೆದವರಿಗೆ ಇದೇನೂ ಹೊಸದಲ್ಲ.

ಅಷ್ಟು ಹೊತ್ತಿಗಾಗಲೇ ನಮ್ಮ ಮನೆಯ ಮಗ್ಗ ನಿಂತಿತ್ತು. ನೇಯುತ್ತಿದ್ದ ತಾತನಿಗೆ ಯಾವುದೋ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಅಪ್ಪ ಸೀರೆ ಅಂಗಡಿ ಇಟ್ಟಿದ್ದರು. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿಸಿದರು. ನೇಯುವಾಗ ತಾತ ಕಾಲು ಇಳಿಬಿಡುತ್ತಿದ್ದ ನೆಲದ ಗುಂಡಿಗೆ ಹಲಗೆ ಹೊದಿಸಿ, ಆ ಕೋಣೆಯನ್ನು ಹಾಡು ಕೇಳುವ ಕೋಣೆ ಮಾಡಿಕೊಂಡರು. ಹಾಡೆಂದರೆ ಅವರಿಗೆ ಪ್ರಾಣ.

ಒಂದು ಅವರೆಕಾಯಿ ಕಾಲದಲ್ಲಿ ಎರಡು ಸ್ಪೀಕರ್ ಬಂದವು. ಹೊರದೇಶದವು, ನನ್ನ ಎದೆಯೆತ್ತರ, ಹೊಳೆಯುವ ಮರದ ಮೈ. ಅಪ್ಪ ಸ್ನಾನ ಮಾಡಿ, ಊದುಬತ್ತಿ ಹಚ್ಚಿ, ಹಾಡು ಹಾಕಿದರು. ಹಾಡುವವನು ಹಂಡೆಯೊಳಗೆ ಕೂತಂತೆ ಕೇಳಿಸಿತು. ಮೃದಂಗದ ಒಂದು ಪೆಟ್ಟು ಬಿದ್ದರೆ ಸದ್ದು ಕೋಣೆಯಲ್ಲೇ ಉರುಳಾಡಿ ಮುಂದಿನ ಪೆಟ್ಟನ್ನು ನುಂಗಿಬಿಡುತ್ತಿತ್ತು. ಗೋಡೆಗೆ ಕಂಬಳಿ ನೇತುಹಾಕಿದರು, ಮೂಲೆಗೆ ಹಾಸಿಗೆ ಸುತ್ತಿ ನಿಲ್ಲಿಸಿದರು. ಏನೂ ಆಗಲಿಲ್ಲ.

ಪಕ್ಕದ ಮನೆಯ ಪುಟ್ಟಮ್ಮತ್ತೆ ಬಾಗಿಲಲ್ಲೇ ನಿಂತು ಕೂಗಿದರು: "ಏನ್ರಪ್ಪಾ, ಮನೆಯೊಳ್ಗೆ ಲಾರಿ ಸ್ಟಾರ್ಟ್ ಮಾಡಿ ಬುಟ್ಟಿದ್ದೀರಾ? ನಮ್ಮನೆ ಮಜ್ಜಿಗೆ ತಂತಾನೆ ಕಡ್ಕತಾ ಅದೆ!"

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ.

ಆಗಲೇ ತಾತ, ಅವರೆಕಾಳು ಹಿಸುಕಿ ಸೊನೆ ಹತ್ತಿದ ಕೈ ಒರೆಸಿಕೊಳ್ಳುತ್ತ ಆ ಕೋಣೆ ಹಾದು ಹಿತ್ತಲಿಗೆ ಹೊರಟಿದ್ದರು. ಹಲಗೆಯ ಮೇಲೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು.

"ಯಾರ್ಲಾ ಅದು, ತಮಟೆ ಬಡೀತಾ ಇರೋದು?"

ನಾವು ಮುಖಮುಖ ನೋಡಿಕೊಂಡೆವು. ಕಿವಿ ಹೋದ ಮೇಲೆ ತಾತ ಒಂದು ಸದ್ದಿನ ಸುದ್ದಿಯನ್ನೂ ಎತ್ತಿದವರಲ್ಲ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಅಂದಿನಿಂದ ಸಂಜೆಯಾದರೆ ತಾತ ಹಲಗೆಯ ಹತ್ತಿರ ಸ್ಟೂಲ್ ಎಳೆದುಕೊಂಡು, ಎರಡೂ ಬರಿಗಾಲು ಹಲಗೆಗೆ ಊರಿ ಕೂರುತ್ತಿದ್ದರು. ನೇಯುವಾಗಿನ ಹಾಗೆ ಬೆನ್ನು ನೆಟ್ಟಗಾಗುತ್ತಿತ್ತು. ಕಾಲ್ಬೆರಳು ತಾಳ ಹಾಕುತ್ತಿದ್ದವು. ನಾನು ಸಾಕ್ಸ್ ಬಿಚ್ಚಿ ಪಕ್ಕದಲ್ಲಿ ಕಾಲಿಡುತ್ತಿದ್ದೆ. "ಈಗ ನಿಧಾನಕ್ಕೆ ಓಯ್ತಾ ಅದೆ. ತಡಿ, ಈಗ ಜೋರಾಯ್ತದೆ ನೋಡವ್ವ" ಎನ್ನುತ್ತಿದ್ದರು. ಹಾಗೇ ಆಗುತ್ತಿತ್ತು.

ಅಪ್ಪ ಮೈಸೂರಿನಿಂದ ಸ್ಪೀಕರ್ ಕೂರಿಸುವವರೊಬ್ಬರನ್ನು ಕರೆಸಿದರು. ಆತ ಚಪ್ಪಾಳೆ ತಟ್ಟಿ, ಹಿಮ್ಮಡಿಯಿಂದ ನೆಲ ಕುಟ್ಟುತ್ತ ಕೋಣೆಯೆಲ್ಲ ಸುತ್ತಿದರು. ಹಲಗೆ ಎತ್ತಿ ನೋಡಿದರು.

"ಸ್ಪೀಕರಿಂದೇನೂ ತಪ್ಪಿಲ್ಲ ಸಾರ್. ನೆಲದ ಕೆಳಗೆ ಡೋಲು ಇಟ್ಕೊಂಡಿದ್ದೀರಲ್ಲ! ಗುಂಡಿಗೆ ಮರಳು ತುಂಬಿಸಿ ಕಲ್ಲು ಹಾಸಿಬಿಡಿ. ಸ್ಪೀಕರನ್ನ ಮೂಲೆಯಿಂದ ಈಚೆಗೆ ತನ್ನಿ. ಆಮೇಲೆ ಕೇಳಿ."

ಆತ ಹೋದ ಮೇಲೆ ಅಮ್ಮ ಮೆಲ್ಲಗೆ ಹೇಳಿದಳು: "ಮುಚ್ಚಬ್ಯಾಡಿ ಕಣ್ರೀ. ಮಾವ ಅದ್ನೇ ಕೇಳ್ಕಂಡು ಕೂತಿರ್ತಾರೆ."

"ಅವ್ರಿಗೇನು ಹಾಡು ಕೇಳ್ತದಾ? ಕಾಲು ಜುಂ ಅಂತದೆ, ಅಷ್ಟೇಯ. ಅದ್ಕೋಸ್ಕರ ಈ ಗುಡುಗು ಕೇಳ್ಕಂಡು ಕೂರಕಾಯ್ತದಾ?"

"ಅಷ್ಟೇಯ ಅಂತೀರಲ್ಲ, ಅವ್ರಿಗಿರೋದೇ ಅಷ್ಟು."

ಅಪ್ಪ ತಾತನನ್ನು ಅಜ್ಜೀಪುರದ ನನ್ನ ಸೋದರತ್ತೆ ಮನೆಗೆ ಬಸ್ಸು ಹತ್ತಿಸಿದರು. ಮಾರನೆಯ ದಿನವೇ ಮರಳು ಬಂತು. ಗುಂಡಿ ಎಷ್ಟು ಸುರಿದರೂ ತುಂಬದ ಹಾಗೆ ಕಾಣುತ್ತಿತ್ತು, ಕೊನೆಗೆ ತುಂಬಿತು. ನೀರು ಹೊಡೆದು, ದಮ್ಮಸ್ಸು ಮಾಡಿ, ಬೂದುಬಣ್ಣದ ಕಲ್ಲು ಹಾಸಿದರು.

ವಾರ ಕಳೆದು ತಾತ ಅವರೆಕಾಯಿಯ ಚೀಲ ಹೊತ್ತು ಬಂದರು. ಅದನ್ನು ನಡುಮನೆಯಲ್ಲಿಟ್ಟು ಸೀದಾ ಕೋಣೆಗೆ ಹೋದರು. ಕಲ್ಲು ನೋಡಿದರು. ಸ್ಟೂಲ್ ಎಳೆದುಕೊಂಡು ಪಾದ ಊರಿ, "ಹಾಕ್ಲಾ" ಎಂದರು.

ಅಪ್ಪ ಹಾಕಿದರು. ಸುಳ್ಳು ಹೇಳಬಾರದು, ಅಷ್ಟು ಚಂದದ ಸದ್ದನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಮೃದಂಗದ ಚರ್ಮದ ಮೇಲೆ ಬೆರಳು ಜಾರಿದ್ದೂ ಬಿಡಿಸಿ ಕೇಳುತ್ತಿತ್ತು.

ತಾತ ಕಾದರು. "ಹಾಕ್ಲಾ. ಕರೆಂಟಿಲ್ವಾ?"

ಅಪ್ಪ ಹಾಡು ಹಾಕುವ ಮಿಷಿನ್ನಿನ ಕೆಂಪು ದೀಪ ತೋರಿಸಿದರು. ಸದ್ದು ಏರಿಸಿದರು. ಇನ್ನೂ ಏರಿಸಿದರು. ನಾನು ಕಿವಿ ಮುಚ್ಚಿಕೊಂಡೆ. ತಾತ ಒಂದು ಕಲ್ಲಿನಿಂದ ಪಾದ ತೆಗೆದು ಇನ್ನೊಂದರ ಮೇಲಿಟ್ಟರು. ಆಮೇಲೆ ಮತ್ತೊಂದು. ಕತ್ತಲಲ್ಲಿ ಚಪ್ಪಲಿ ಹುಡುಕುವವರ ಹಾಗೆ. ಕೊನೆಗೆ ತಲೆ ಎತ್ತಿ ಅಪ್ಪನ ಮುಖವನ್ನು ತುಸು ಹೊತ್ತು ನೋಡಿದರು.

"ಆಫ್ ಮಾಡ್ಲಾ ಮಗಾ. ನನ್ ಕಾಲೂ ಕಿವಿ ಥರಾನೇ ಓಯ್ತು ಅಂತ ಕಾಣ್ತದೆ."

ನಿಜಕ್ಕೂ ಹಾಗೆ ನಂಬಿದ್ದರೋ, ಮಗನಿಗೆ ನೋವಾಗದಿರಲೆಂದು ಹಾಗೆ ಅಂದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಪ್ಪ ಮಿಷಿನ್ ಆಫ್ ಮಾಡಿದರು. ಗುಂಡಿ ಮುಚ್ಚಿದ್ದನ್ನು ಅಮ್ಮ ಕೈಸನ್ನೆಯಲ್ಲಿ ಹೇಳಹೋದರೆ ತಾತ ಬೇರೆಡೆ ಮುಖ ತಿರುಗಿಸಿದರು. ಮತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಮಾತು ಕಮ್ಮಿಯಾಯಿತು, ಮುದ್ದೆ ಅರ್ಧವಾಯಿತು. ಮುಂದಿನ ಅವರೆಕಾಯಿಗೆ ಅವರಿರಲಿಲ್ಲ.

ಆ ಸ್ಪೀಕರ್ ಕೇಳಲೆಂದೇ ಹನೂರು, ಯಳಂದೂರಿನಿಂದ ಜನ ಬರುತ್ತಿದ್ದರು, ತಲೆದೂಗಿ ಹೋಗುತ್ತಿದ್ದರು. ಈಗ ಯಾರೂ ಬರುವುದಿಲ್ಲ. ಹಾಡೆಲ್ಲ ಅವರವರ ಫೋನಿನಲ್ಲೇ ಇದೆ. ಬೀದಿಯ ಮಗ್ಗಗಳೂ ಒಂದೊಂದಾಗಿ ನಿಂತವು, ಗುಂಡಿಗಳ ಮೇಲೆ ಟೈಲ್ಸ್ ಬಿತ್ತು. ನನ್ನ ಮಕ್ಕಳಿಗೆ ಮನೆಯ ನೆಲ ಅಲುಗುವುದೆಂದರೆ ಭೂಕಂಪ ಮಾತ್ರ.

ಈ ಸಲ ತಾತನ ತಿಥಿಗೆ ಹೋಗಿದ್ದೆ. ಊಟವಾದ ಮೇಲೆ ಅಪ್ಪ ಆ ಕೋಣೆಯ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ಕಲ್ಲನ್ನೇ ನೋಡುತ್ತಿದ್ದರು.

"ಅದ್ನ ಕೀಳಿಸ್ಬುಡನಾ?" ಎಂದರು.

ಅಮ್ಮ ಎಂಜಲೆಲೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ.

"ಈಗ ಯಾರ್ಗೆ ಕಣ್ರೀ?"