ಗಂಗವ್ವನ ಕೈಯ ಭತ್ತ

ಈ ಬೇಸಿಗೆ ರಜೆಯಲ್ಲಿ ನಾನು ದನದ ಆಳಾಗಿ ಕೆಲಸಕ್ಕೆ ಸೇರಿದ್ದೆ.

ಶಿಗ್ಗಾವಿಯ ಹೈಸ್ಕೂಲಿನ ಟೀಚರ್ ಕೆಲಸ ಹೋಯಿತೇ ಎಂದು ಗಾಬರಿಯಾಗಬೇಡಿ. ಅದು ಭದ್ರವಾಗಿದೆ. ರಜೆಗೆಂದು ಹಾನಗಲ್ಲಿನ ಮನೆಗೆ ಬಂದವಳು ದಿನಾ ಬೆಳಗ್ಗೆ ಅಕ್ಕಿಆಲೂರಿನ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು, ಒಂದು ಜೋಡಿ ಎತ್ತುಗಳ ಸಗಣಿ ಬಾಚುತ್ತಿದ್ದೆ. ಮೇವು ಹಾಕುತ್ತಿದ್ದೆ, ನೀರು ಕುಡಿಸುತ್ತಿದ್ದೆ. ಅವು ನನ್ನನ್ನು ಗುರುತು ಹಿಡಿಯಲು ಒಂದು ವಾರ ತೆಗೆದುಕೊಂಡವು. (ನನ್ನ ಎಂಟನೆಯ ಕ್ಲಾಸಿನವರಿಗೆ ಒಂದು ತಿಂಗಳು ಬೇಕಾಗಿತ್ತು.)

ಜಾಗ ಶಿವಲಿಂಗಪ್ಪ ಮಾಸ್ತರರದು. ರಿಟೈರ್ ಆದ ಮೇಲೆ ಅವರು ತಮ್ಮ ನಾಲ್ಕೆಕರೆಯನ್ನು ಒಂದು ಮ್ಯೂಸಿಯಂ ಮಾಡಿದ್ದಾರೆ. ಗಾಜಿನ ಕಪಾಟು ಇರುವಂಥದ್ದಲ್ಲ. ಅವರ ಅಜ್ಜನ ಕಾಲದಲ್ಲಿ ಒಕ್ಕಲುತನ ಹೇಗಿತ್ತೋ ಹಾಗೆಯೇ ಇಲ್ಲಿ ಇವತ್ತೂ ನಡೆಯಬೇಕು, ಮಂದಿ ಬಂದು ನೋಡಬೇಕು. ಟ್ರ್ಯಾಕ್ಟರ್ ಇಲ್ಲ, ಪಂಪ್‌ಸೆಟ್ ಇಲ್ಲ, ರಾಸಾಯನಿಕ ಗೊಬ್ಬರದ ಚೀಲವೂ ಇಲ್ಲ. ಸವಣೂರಿನಿಂದ, ಹಿರೇಕೆರೂರಿನಿಂದ ಶಾಲೆಯವರು ಬಸ್ಸು ಮಾಡಿಕೊಂಡು ಬರುತ್ತಾರೆ. ಒಬ್ಬ ಹುಡುಗಿಯಂತೂ ನನ್ನತ್ತ ಕೈತೋರಿಸಿ, "ಸರ, ಇವ್ರೂ ಹಳೇ ಕಾಲದವ್ರೇನ್ರಿ?" ಎಂದು ಕೇಳಿದಳು.

ನನಗಿನ್ನೂ ಮೂವತ್ತಾಗಿಲ್ಲ.

ನನಗೇಕೆ ಈ ಉಸಾಬರಿ? ಹೇಳುತ್ತೇನೆ. ನಮ್ಮಪ್ಪ ವಕೀಲರು. ನಮಗೂ ಒಂದು ಕಾಲಕ್ಕೆ ಊರಾಚೆ ಭತ್ತದ ಹೊಲವಿತ್ತು. ಇತ್ತು ಅಂದರೆ, ಕಾಗದದಲ್ಲಿ. ಮನೆಗೆ ಚೀಲ ಬರುತ್ತಿದ್ದವು, ನಾವು ಉಣ್ಣುತ್ತಿದ್ದೆವು. ನನಗೆ ಹತ್ತು ವರ್ಷವಿದ್ದಾಗ ಬಿತ್ತನೆಯ ದಿನ ಅಪ್ಪ ನನ್ನನ್ನು ಚಕ್ಕಡಿಯಲ್ಲಿ ಅಲ್ಲಿಗೆ ಕರೆದೊಯ್ದಿದ್ದರು. ಎತ್ತುಗಳು ಕೂರಿಗೆ ಎಳೆಯುತ್ತಿದ್ದವು. ಹಿಂದೆ ಒಬ್ಬಾಕೆ ಉಡಿ ತುಂಬ ಭತ್ತ ಕಟ್ಟಿಕೊಂಡು, ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತ ನಡೆಯುತ್ತಿದ್ದಳು. ಎತ್ತಿನ ಹೆಜ್ಜೆಗೆ ತಕ್ಕ ಹೆಜ್ಜೆ, ಹೆಜ್ಜೆಗೆ ತಕ್ಕ ಕಾಳು. ನನಗೆ ಅವಳ ಹಿಂದೆ ಹೋಗಬೇಕೆನಿಸಿತು.

"ಕಾಲು ಮಣ್ಣಾಗ್ತಾವ, ಕೂಡು" ಅಂದರು ಅಪ್ಪ. ಕೂತೆ.

ಆಮೇಲೆ, ಎಪ್ಪತ್ತನಾಲ್ಕರಲ್ಲಿ, ಉಳುವವನೇ ಒಡೆಯ ಎಂಬ ಕಾಯಿದೆ ಬಂತು. ಹೊಲ ಉತ್ತವರ ಹೆಸರಿಗಾಯಿತು. ನ್ಯಾಯವೇ. ಅಪ್ಪ ನಾಲ್ಕು ದಿನ ಸಪ್ಪಗಿದ್ದು ಮತ್ತೆ ಕೋರ್ಟಿಗೆ ಹೊರಟರು. ಆದರೆ ನನಗೆ ಆ ಹೊಲ ಹೋಯಿತೆಂಬ ದುಃಖಕ್ಕಿಂತ, ಅದರಲ್ಲಿ ಒಮ್ಮೆಯೂ ಕಾಲಿಡಲಿಲ್ಲವಲ್ಲ ಎಂಬ ಹಂಬಲವೇ ಉಳಿದುಬಿಟ್ಟಿತು. ಕಳೆದುಕೊಂಡದ್ದಕ್ಕೆ ಹಂಬಲಿಸಬಹುದು. ಪಡೆಯದೇ ಇದ್ದದ್ದಕ್ಕೆ?

ಈ ಸಲ ಮೇ ಮೊದಲ ವಾರದಲ್ಲೇ ಮುಂಗಾರಿನ ಮೊದಲ ಮಳೆ ಬಿತ್ತು. ಮಾಸ್ತರರ ಹೊಲ ಹದಕ್ಕೆ ಬಂತು. ಕೂರಿಗೆ ಹಿಡಿಯಲು ಅವರೇ ಇದ್ದರು, ಬೀಜ ಬಿಡುವ ಕೈ ಮಾತ್ರ ಸಿಗಲಿಲ್ಲ. ಆ ಕೆಲಸ ಗೊತ್ತಿದ್ದವರೆಲ್ಲ "ಆಟದ ಹೊಲಕ್ಕ ಯಾರ ಬರ್ತಾರ್ರಿ" ಎಂದು ನಕ್ಕುಬಿಟ್ಟರು.

ಮೂರನೆಯ ದಿನ ಐವತ್ತು ದಾಟಿದ ಹೆಂಗಸೊಬ್ಬಳು ಬಸ್ಸಿಳಿದು ನೇರ ಬಂದಳು. "ಬೀಜ ಬಿಡಾಕ ಆಳ ಬೇಕಾಗೇತಂತಲ್ರಿ. ನಾ ಬಿಡ್ತೇನಿ. ಎಲ್ಲಾರಿಗೆ ಕೊಟ್ಟಂಗ ಪಗಾರ ಕೊಡ್ರಿ, ಸಾಕು." ಆಮೇಲೆ ನನ್ನನ್ನು ದಿಟ್ಟಿಸಿ, "ನೀವು ವಕೀಲರ ಮಗಳಲ್ರಿ? ಚಕ್ಕಡ್ಯಾಗ ಕುಂತಿದ್ರಿ" ಅಂದಳು.

ಆಕೆಯೇ! ಹೆಸರು ಗಂಗವ್ವ. ಅಂದು ನಮ್ಮ ಹೊಲ ಉಳುತ್ತಿದ್ದ ಮನೆಯವಳು, ಇಂದು ಅದೇ ಹೊಲದ ಒಡತಿ. ನನಗೆ ಮುಜುಗರ. "ನಿಮಗ್ಯಾಕ ಈ ಕೂಲಿ, ಗಂಗವ್ವ? ಹೊಲಾ ಈಗ ನಿಮ್ದ ಅದ ಅಲ್ಲ?"

"ಹೊಲಾ ನಮ್ದ ಐತ್ರಿ, ಬಾಯಾರ. ಆದ್ರ ಮಗ ಟ್ರ್ಯಾಕ್ಟರ್ ತಂದಾನ. ಅದರ ಹಿಂದ ಹಚ್ಚಿದ ಕೂರಿಗ್ಯಾಗ ಬೀಜ ತಾನ ಬೀಳ್ತೈತಿ. ಎರಡ ವರ್ಷಾತು, ಬಿತ್ತೂ ದಿನ ನಾ ಮನ್ಯಾಗ. 'ಅವ್ವ, ನೀ ಆರಾಮ ಕುಂದ್ರು' ಅಂತಾನ. ಎಷ್ಟಂತ ಕುಂದರ್ಲಿ?"

"ಮಗಗ ಗೊತ್ತದ ಏನು?"

"ಸಂತಿಗೆ ಹೋಗ್ತೇನಿ ಅಂತ ಹೇಳೇನಿ."

(ದಿನಾ ಯಾವ ಊರಲ್ಲಿ ಸಂತೆ ಇರುತ್ತದೆ ಎಂದು ನಾನು ಕೇಳಲಿಲ್ಲ.)

ಎರಡು ದಿನ ಆಕೆ ಬಿತ್ತಿದಳು. ನಾನು ಮಗ್ಗುಲಲ್ಲೇ ನಡೆದೆ, ಬರಿಗಾಲಲ್ಲಿ. ನಡುನಡುವೆ ನನ್ನ ಕೈಗೂ ಒಂದು ಹಿಡಿ ಕೊಡುತ್ತಿದ್ದಳು. "ಮುಷ್ಟಿ ಬಿಗೀಬ್ಯಾಡ್ರಿ. ಹೆಬ್ಬೆಟ್ಟಿಲೆ ಸಾವಕಾಶ ದಬ್ರಿ. ಎತ್ತಿನ ಕಡೆ ನೋಡ್ರಿ, ಕೈ ಕಡೆ ನೋಡಬ್ಯಾಡ್ರಿ." ನಾನು ಕೈಯನ್ನೇ ನೋಡುತ್ತಿದ್ದೆ. ಕಾಳು ಒಮ್ಮೆ ಸುರಿಯುತ್ತಿತ್ತು, ಒಮ್ಮೆ ನಿಲ್ಲುತ್ತಿತ್ತು. ಆಕೆ ನಗುತ್ತಿದ್ದಳು. ಹಾಗೆ ನಗುವ ಗಂಗವ್ವ ಮನೆಯಲ್ಲೂ ಹೀಗೆಯೇ ಇರುತ್ತಾಳೆಯೇ ಎಂದು ಒಮ್ಮೆ ಯೋಚಿಸಿದೆ.

ಮೂರನೆಯ ದಿನ ಮಧ್ಯಾಹ್ನ ಬದುವಿನ ಮೇಲೆ ಮೋಟಾರ್ ಸೈಕಲ್ ಬಂದು ನಿಂತಿತು. ಯಾರೋ ಸುದ್ದಿ ಮುಟ್ಟಿಸಿದ್ದರು.

"ಅವ್ವ, ಬಾ ಇತ್ಲಾಗ" ಅಂದ ಮಗ ಮಲ್ಲೇಶ.

"ಈ ಸಾಲು ಮುಗೀಲಿ."

ಆಕೆಯ ಹೆಜ್ಜೆ ತಪ್ಪಲಿಲ್ಲ. ಮಾಸ್ತರರೂ ಎತ್ತು ನಿಲ್ಲಿಸಲಿಲ್ಲ. ಸಾಲಿನ ತುದಿ ಮುಟ್ಟಿದ ಮೇಲೆ ಗಂಗವ್ವ ಉಡಿಯಲ್ಲಿ ಉಳಿದ ಭತ್ತವನ್ನು ನನ್ನ ಸೆರಗಿಗೆ ಸುರಿದು, ಕೈ ಕೊಡವಿಕೊಂಡು ಹೊರಟಳು.

ಮಲ್ಲೇಶ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನ ದನಿ ಏರಲೇ ಇಲ್ಲ. ನನ್ನ ಹತ್ತಿರ ಬಂದು, "ನಮ್ಮವ್ವ ಮಂದಿ ಹೊಲದಾಗ ದುಡದದ್ದ ಸಾಕ್ರಿ, ಬಾಯಾರ. ನಾ ಸಣ್ಣಾಂವ ಇದ್ದಾಗಿಂದ ನೋಡೇನಿ. ನಿಮಗೂ ಗೊತ್ತಿರಬೇಕು" ಅಂದ.

ಗೊತ್ತಿತ್ತು. ಯಾರ ಹೊಲ ಎಂಬುದೂ ಗೊತ್ತಿತ್ತು.

ಉಳಿದ ಹೊಲಕ್ಕೆ ನಾನೇ ಬೀಜ ಬಿಟ್ಟೆ. ಎರಡು ವಾರಕ್ಕೆ ಮೊಳಕೆ ಎದ್ದಿತು. ಆಕೆಯ ಸಾಲುಗಳು ಗೆರೆ ಕೊರೆದಂತೆ ಹಸಿರು. ನನ್ನವು ಒಂದು ಕಡೆ ಗುಂಪು, ಒಂದು ಕಡೆ ಬೋಳು. ಎಲ್ಲಿ ನಿಂತು ನೋಡಿದರೂ ಯಾರ ಕೈ ಯಾವುದೆಂದು ಕಾಣುತ್ತಿತ್ತು. ಆದರೂ ಖುಷಿಯಾಯಿತು. ನಾನು ಬಿತ್ತಿದ್ದು ಹುಟ್ಟಿತ್ತು!

ಶಾಲೆ ಶುರುವಾಯಿತು. ಕಳೆದ ಭಾನುವಾರ ಮತ್ತೆ ಹೋದಾಗ ಮಾಸ್ತರರು ಒಂದು ಸುದ್ದಿ ಹೇಳಿದರು. ಮಲ್ಲೇಶ ತಾನಾಗಿ ಬಂದಿದ್ದನಂತೆ. "ಅವ್ವ ಮನ್ಯಾಗ ಮಾತ ಆಡವಲ್ಲಳ್ರಿ. ಮುಂದಿನ ವರ್ಷ ಕರೀರಿ, ನಾನ ತಂದು ಬಿಡ್ತೇನಿ. ಆದ್ರ ಪಗಾರ ಕೊಡಬ್ಯಾಡ್ರಿ. ಮಂದಿಗೆ ಹಂಗ ಸುಮ್ನ ತೋರಿಸ್ಲಿ" ಅಂದನಂತೆ.

ಸಂತೋಷದಿಂದ ಆ ಮಾತು ಹೊತ್ತುಕೊಂಡು ನಾನೇ ಗಂಗವ್ವನ ಮನೆಗೆ ಹೋದೆ. ಮಜ್ಜಿಗೆ ಕೊಟ್ಟಳು. ಮೊದಲು ಕೇಳಿದ್ದು, "ನನ್ನ ಸಾಲು ಹೆಂಗ ಹುಟ್ಟ್ಯಾವ್ರಿ?" ಹೇಳಿದೆ. ಮುಖ ಅರಳಿತು. ಆಮೇಲೆ ಮಗನ ಮಾತು ಹೇಳಿದೆ.

ಮುಖ ಹಾಗೇ ಮುಚ್ಚಿಕೊಂಡಿತು.

"ಒಲ್ಲೆರಿ. ತೋರಸಾಕ ನಾ ಏನ ಗೊಂಬೀನ? ಪಗಾರ ತಗೊಂಡ್ರ ಅದು ಕೆಲಸ. ಕೆಲಸಾ ಮಾಡಾಕ ಬಂದಿದ್ನಿ."

ಮಾಸ್ತರರಿಂದ ನಾನು ಒಂದು ಪೈಸೆಯೂ ತೆಗೆದುಕೊಂಡಿರಲಿಲ್ಲ. ಅದನ್ನು ದೊಡ್ಡತನವೆಂದೇ ತಿಳಿದಿದ್ದೆ. ಆಕೆಯ ಮುಂದೆ ಕೂತು ಮಜ್ಜಿಗೆ ಕುಡಿಯುವಾಗ, ನಾನು ಅಲ್ಲಿ ಮಾಡಿದ್ದು ಕೆಲಸವೋ ಆಟವೋ ಎಂದು ಮೊದಲ ಸಲ ನಾಚಿಕೆಯಾಯಿತು.

ಬರುವ ಮುಂಗಾರಿಗೆ ಮಾಸ್ತರರು ಪಗಾರ ಕೊಡಲು ತಯಾರು, ಗಂಗವ್ವ ದುಡಿಯಲು ತಯಾರು, ಮಲ್ಲೇಶ ತಾನೇ ತಂದು ಬಿಡಲು ತಯಾರು. ಅಡ್ಡ ನಿಂತಿರುವುದು ನಮ್ಮೆಲ್ಲರ ಮರ್ಯಾದೆಯೊಂದೇ.