ಮರಿ ಅಳುವಾಗ ಸುಮ್ಮನೆ ಕೂರುವ ಸುಮನ

ಮಿರಜದ ಆಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ತಗಡಿನ ಶೆಡ್ಡಿನ ಅಟ್ಟಣಿಗೆಯ ಮೇಲೆ ಸುಮನ ಓಢಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಾಳೆ. ಕೆಳಗಿನ ಅಂಗಳದ ಎರಡೂ ತುದಿಗೆ ಗೋಣಿತಟ್ಟಿನ ಪರದೆ. ಒಂದರ ಹಿಂದೆ ತಾಯಿಕುರಿಯ ಸ್ವಂತ ಮರಿ, ಇನ್ನೊಂದರ ಹಿಂದೆ ಬೇರೆ ಕುರಿಯದ್ದು. ನಡುವೆ ನಿಂತ ತಾಯಿ ಬರೀ ದನಿ ಕೇಳಿ ತನ್ನ ಮರಿಯನ್ನು ಗುರುತಿಸುತ್ತದೆಯೇ? ಅದನ್ನು ನೋಡುವುದೇ ಸುಮನಳ ಕೆಲಸ. ನೋಡುವವರು ಪಿಟಕ್ಕೆನ್ನುವಂತಿಲ್ಲ.

ವಿಶ್ವವಿದ್ಯಾಲಯದ ಪ್ರಾಣಿ ವರ್ತನೆಯ ಪ್ರಯೋಗಾಲಯಕ್ಕೆ ಈ ವರ್ಷ ಸೇರಿದ ಎಂ.ಎಸ್ಸಿ. ವಿದ್ಯಾರ್ಥಿನಿ ಈಕೆ, ಗಡಿಯ ಹಳ್ಳಿಯ ಕುರಿಗಾರರ ಮಗಳು. ನಾಳೆ ಸಂಶೋಧನೆ ಅಚ್ಚಾದಾಗ ಹೆಸರು ದೊಡ್ಡವರದ್ದೇ ಮುಂದಿರುತ್ತದೆ. ನಸುಕಿನಲ್ಲೆದ್ದು ಹಿಕ್ಕೆ ಗುಡಿಸಿ, ಮರಿಗಳನ್ನು ಎತ್ತಿ ತಂದು, ಕಾದು ಕೂರುವವರು ಇಂಥ ಹುಡುಗಿಯರು.

ಸೇರುತ್ತೇನೆ ಎಂದಾಗ ತಾಯಿ ಸಾವಂತ್ರವ್ವ ಹಣೆ ಹಣೆ ಬಡಿದುಕೊಂಡಿದ್ದರಂತೆ. "ಕುರಿ ಕಾಯೂದು ತಪ್ಪಲಿ ಅಂತ ಕಾಲೇಜಿಗೆ ಹಾಕಿದ್ರ, ಮಿರಜಕ್ಕ ಹೋಗಿ ಮತ್ತ ಕುರೀನ ನೋಡ್ತಿಯೇನ?"

ಪ್ರಯೋಗಕ್ಕೆ ಕುರಿ ಬೇಕಾದಾಗ ಅಪ್ಪ ಜ್ಯೋತೆಪ್ಪನ ಹಿಂಡಿನವನ್ನೇ ಕೊಡಿಸಿದ್ದು ಸುಮನ. ಎಡವಟ್ಟಾದದ್ದು ಅಲ್ಲೇ. ಮೊದಲ ದಿನ ತಾಯಿಕುರಿ ದಿಕ್ಕು ತೋಚದೆ ಸುತ್ತತೊಡಗಿದಾಗ ಈಕೆಯ ಬಾಯಿ ಸುಮ್ಮನಿರಲಿಲ್ಲ. ತುಟಿ ಅದುರಿಸಿ, ಮನೆಯಲ್ಲಿ ಕರೆಯುವಂತೆ ಕರೆದೇಬಿಟ್ಟಳು. ಕುರಿ ಮರಿಯನ್ನು ಬಿಟ್ಟು ನೇರ ಅಟ್ಟಣಿಗೆಯ ಬುಡಕ್ಕೆ ಓಡಿತು. ಶೆಡ್ಡಿನೊಳಗೆ ಕಟ್ಟದೆ ಬಿಟ್ಟಿದ್ದ ಉಳಿದ ಕುರಿಗಳೂ ತಡಿಕೆ ನೂಕಿಕೊಂಡು ನೆಂಟರಂತೆ ಬಂದವು. ಅಂದಿನ ಕೆಲಸವೆಲ್ಲ ಮಣ್ಣುಪಾಲು.

ಪ್ರಯೋಗಾಲಯದ ಮುಖ್ಯಸ್ಥೆ ಸ್ವಪ್ನಾಲಿ ಮ್ಯಾಡಂ ಬೈಯಲಿಲ್ಲ. ಇನ್ನೊಮ್ಮೆ ಹೀಗಾದರೆ ಈ ಜಾಗ ಬೇರೆಯವರಿಗೆ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು.

"ಹಾಸ್ಟೆಲ್‌ಗೆ ಹೋಗಿ ಭಾಳ ಅತ್ತೇನ್ರಿ" ಎನ್ನುತ್ತಾಳೆ ಸುಮನ. "ಮರಿ ಅಳಾಕತ್ರ ಸುಮ್ಮ ಕುಂದ್ರೂದು ನಮ್ಮ ಮನ್ಯಾಗ ಯಾರೂ ಕಲಿಸಿಲ್ಲ."

ಇವತ್ತಿನದು ಆಕೆಗೆ ಸಿಕ್ಕ ಎರಡನೆಯ ಅವಕಾಶ. ಪರದೆಯ ಹಿಂದಿನಿಂದ ಮರಿಗಳು ಅರಚುತ್ತಿವೆ. ತಾಯಿಕುರಿ ತಪ್ಪು ದಿಕ್ಕಿಗೇ ಹೊರಡುತ್ತದೆ. ಈಕೆಯ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕುಳಿತ ನನಗೇ ‘ಆ ಕಡೆಯಲ್ಲ’ ಎಂದು ಕೂಗಬೇಕೆನಿಸುತ್ತಿದೆ. ಸುಮನಳ ಕಣ್ಣು ತುಂಬಿದೆ, ತುಟಿ ಬಿಚ್ಚಿಲ್ಲ. ಕುರಿ ನಿಲ್ಲುತ್ತದೆ. ಕಿವಿ ಅಲುಗುತ್ತದೆ. ಗಕ್ಕನೆ ಹಿಂದಿರುಗಿ, ಆಚೆ ತುದಿಗೆ ಓಡಿ, ಗೋಣಿತಟ್ಟಿನಡಿ ಮೂತಿ ತೂರಿಸಿ ತನ್ನ ಮರಿಯನ್ನು ಮೂಸುತ್ತದೆ. ಯಾರೂ ಕರೆಯಲಿಲ್ಲ, ಯಾರೂ ತೋರಿಸಲಿಲ್ಲ.

ಕೆಳಗೆ ನಿಂತಿದ್ದ ಸ್ವಪ್ನಾಲಿ ಮ್ಯಾಡಂ ತಲೆಯೆತ್ತಿ, ನಾಳೆಯಿಂದ ಶೆಡ್ಡಿನ ಕೀಲಿ ನಿನ್ನ ಹತ್ತಿರವೇ ಇರಲಿ ಎನ್ನುತ್ತಾರೆ. ಸುಮನ ಆಗ ಬಿಡುವ ಉಸಿರು ನನಗೂ ಕೇಳಿಸುತ್ತದೆ.

ಚಹಾ ಕುಡಿಯುತ್ತ, ಮುಂದೇನು ಆಸೆ ಎಂದು ಕೇಳುತ್ತೇನೆ. ಪಿಎಚ್.ಡಿ., ವಿದೇಶ ಎಂದೇನೋ ಹೇಳಬಹುದೆಂಬ ಲೆಕ್ಕ ನನ್ನದು.

"ಅವ್ವನ್ನ ಒಂದ್ಸಲ ಈ ಅಟ್ಟಣಿಗಿ ಮ್ಯಾಲ ಕುಂಡ್ರಿಸಬೇಕ್ರಿ."

ಅವರು ಬಾಯಿ ಮುಚ್ಚಿಕೊಂಡು ಕೂರುತ್ತಾರಾ ಎಂದು ಛೇಡಿಸುತ್ತೇನೆ. ಆಕೆ ನಗುತ್ತಾಳೆ, ಆಮೇಲೆ ಕುರಿಗಳ ಕಡೆ ತಿರುಗುತ್ತಾಳೆ.

"ಹುಟ್ಟಿದಾಗಿಂದ ಇವುಗಳ ಹಿಂದ ಓಡ್ಯಾಳ್ರಿ ಆಕಿ. ಒಂದ ದಿನಾನೂ ಕುಂತು ನೋಡಿಲ್ಲ."