ಸತ್ತ ಮೇಲಿನ ನಗು

ಚನ್ನಿಗರಾಯಪ್ಪನವರು ತೆರೆಯ ಮೇಲೆ ಬದುಕಿದ್ದಕ್ಕಿಂತ ಸತ್ತದ್ದೇ ಹೆಚ್ಚು. ಕೊರಟಗೆರೆ ಕಡೆಯ ಅವರ ನಾಟಕ ಕಂಪನಿ ಮುಳುಗಿದ ಮೇಲೆ ಹೆಂಡತಿ ಪುಟ್ಟತಾಯಮ್ಮನೊಂದಿಗೆ ಮದರಾಸಿಗೆ ಬಂದರು. ಅಲ್ಲಿ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ಸಿಕ್ಕಿದ್ದು ಒಂದೇ ಪಾತ್ರ, ನಾಯಕಿಯ ತಂದೆ. ಕೆಮ್ಮಬೇಕು, ಮಗಳ ಕೈಯನ್ನು ಯಾರದೋ ಕೈಗಿಡಬೇಕು, ಕಣ್ಣು ಮುಚ್ಚಬೇಕು.

“ಚನ್ನಿಗಣ್ಣ, ಒಂದ್ಸಲ ಇಂಟರ್‌ವಲ್ ದಾಟಿ ಬದುಕು, ಕಾಫಿ ಕೊಡಿಸ್ತೀನಿ,” ಎಂದು ಮೇಕಪ್ಪಿನವರು ಛೇಡಿಸುತ್ತಿದ್ದರು.

“ನಾನು ಸಾಯ್ದೆ ಇದ್ರೆ ನಿಮ್ಮ ಹೀರೋಗೆ ಮದುವೆ ಆಗೋದು ಹೆಂಗಯ್ಯಾ?”

ಹೆಣವಾಗಿ ಮಲಗಿದವನು ದೃಶ್ಯ ಮುಗಿದೊಡನೆ ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು, ಆ ನಗುವೂ ಫಿಲ್ಮಿನಲ್ಲಿ ಬೀಳಬೇಕು. ಇಲ್ಲದಿದ್ದರೆ ಆಡಿದ ಸಾವು ನಿಜವಾಗುತ್ತದೆಂಬ ಭಯ ಸ್ಟುಡಿಯೋದವರಿಗೆಲ್ಲ ಇತ್ತು. ಚನ್ನಿಗರಾಯಪ್ಪನವರಿಗೆ ಅಷ್ಟಾಗಿ ಇರಲಿಲ್ಲ. ಪುಟ್ಟತಾಯಮ್ಮನಿಗೆ ಮಾತ್ರ ಬಲವಾಗಿತ್ತು. ಆಕೆಯ ಹೃದಯ ದುರ್ಬಲ. ಬಿಸಿಲಲ್ಲಿ ಓಡಾಡಕೂಡದೆಂದು ಡಾಕ್ಟರು ಹೇಳಿದ್ದರು. ಗಂಡ ಚಪ್ಪಲಿ ಬಿಡುವಾಗಲೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು:

“ನಕ್ಕ್ರೇನ್ರೀ?”

“ನಕ್ಕೆ ಕಣೇ.”

ಆಮೇಲೆಯೇ ತಟ್ಟೆ ಹಾಕುವುದು.

ಕಚ್ಚಾ ಫಿಲ್ಮಿಗೆ ಬರ ಬಂದಿದ್ದ ಕಾಲ. ಒಂದು ಬೇಸಿಗೆಯಲ್ಲಿ ಚಟ್ಟದ ದೃಶ್ಯ ಮುಗಿಯುವಷ್ಟರಲ್ಲಿ ರೀಲೂ ಮುಗಿಯಿತು.

“ವರದಣ್ಣ, ಒಂದು ಚೂರು ಹಾಕಪ್ಪ,” ಎಂದು ಚನ್ನಿಗರಾಯಪ್ಪನವರು ಕ್ಯಾಮೆರಾಮನ್ ವರದನ್‌ನನ್ನು ಬೇಡಿಕೊಂಡರು.

“ಇರೋದು ನಾಳೆ ಹಾಡಿಗೆ ಸಾರ್. ಮುಟ್ಟಿದ್ರೆ ನನ್ನ ಕೆಲ್ಸ ಹೋಗುತ್ತೆ. ಖಾಲಿ ಕ್ಯಾಮೆರಾಕ್ಕೇ ನಕ್ಕುಬಿಡಿ, ಯಮನಿಗೇನು ಗೊತ್ತಾಗುತ್ತೆ?”

ಅವರು ಖಾಲಿ ಕ್ಯಾಮೆರಾಕ್ಕೆ ನಕ್ಕು ಮನೆಗೆ ಬಂದರು.

“ನಕ್ಕ್ರೇನ್ರೀ?”

“ನಕ್ಕೆ.”

ಪುಟ್ಟತಾಯಮ್ಮ ಬಾಗಿಲಿನಿಂದ ಸರಿಯಲಿಲ್ಲ. ಕಂಪನಿಯಲ್ಲಿ ಇದೇ ಗಂಡನ ಎದುರು ವರ್ಷಗಟ್ಟಲೆ ಪಾತ್ರ ಮಾಡಿದವರು. ಮಾತಿನಲ್ಲಿ ‘ಕಣೇ’ ಬಿಟ್ಟುಹೋದದ್ದು ಆಕೆಗೆ ತಿಳಿಯದೆ ಇದ್ದೀತೇ?

“ಕ್ಯಾಮೆರಾ ಓಡ್ತಿತ್ತಾ?”

“ಬಿಡೇ, ಅದೆಲ್ಲ ಹುಚ್ಚು.”

“ನಿಮಗೆ ಹುಚ್ಚು. ತಾಳಿ ಇರೋದು ನನ್ನ ಕೊರಳಲ್ಲಿ.”

ಮರುದಿನ ಗಂಡ ಶೂಟಿಂಗಿಗೆ ಹೊರಟ ಮೇಲೆ, ಉರಿಬಿಸಿಲಿನಲ್ಲಿ ಬರಿಗಾಲಲ್ಲಿ ವಡಪಳನಿ ದೇವಸ್ಥಾನಕ್ಕೆ ಹೋದರು. ಗಂಡನ ಹೆಸರಿನಲ್ಲಿ ತೆಂಗಿನಕಾಯಿ ಒಡೆಸಿ ಹೊರಬಂದವರು ಹೂವಿನಂಗಡಿ ಮುಂದೆ ಕುಸಿದರು. ಮತ್ತೆ ಏಳಲಿಲ್ಲ.

ಚನ್ನಿಗರಾಯಪ್ಪನವರು ಸುದ್ದಿ ತಿಳಿದು ಮನೆಗೆ ಓಡಿಬಂದಾಗ ಅಂಟಿಸಿದ್ದ ನರೆಗಡ್ಡ ಹಾಗೇ ಇತ್ತು. ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತರು.

“ಪಿಕ್ಚರ್‌ನಲ್ಲಿ ಅತ್ತಂಗೇ ಅಳ್ತಾರೆ ನೋಡೇ,” ಎಂದು ಎದುರುಮನೆಯಾಕೆ ಪಕ್ಕದವಳ ಕಿವಿಯಲ್ಲಿ ಹೇಳಿದಳು.

ಕರ್ಮಾಂತರ ಮುಗಿಸಿ ಬಂದವರಿಗೆ ಮತ್ತೆ ಸಾಯುವ ಪಾತ್ರವೇ ಕಾದಿತ್ತು. ಮೂಗಿಗೆ ಹತ್ತಿ, ಕೊರಳಿಗೆ ಹಾರ. ದೃಶ್ಯ ಮುಗಿದರೂ ವರದನ್ ಕ್ಯಾಮೆರಾ ನಿಲ್ಲಿಸಲಿಲ್ಲ.

“ಫಿಲ್ಮ್ ತೆಗೆದಿಟ್ಟಿದೀನಿ ಸಾರ್. ಏಳಿ, ನಗಿ.”

“ಯಾರಿಗೆ ಹೇಳ್ಲಿ, ನಕ್ಕೆ ಅಂತ?”

ಅವರು ಏಳಲಿಲ್ಲ. ರೀಲು ಮುಗಿಯುವತನಕ ಕ್ಯಾಮೆರಾ ಓಡುತ್ತಲೇ ಇತ್ತು.